ದ್ರಾಕ್ಷಿಯ ಆಲೆಮನೆ

ಪೋಕೋಲ್ಬಿನ್, ಹಂಟರ್ ಕಣಿವೆ, ಆಸ್ಟ್ರೇಲಿಯಾ
೧೧ನೇ ಮೇ ೧೯೧೩

ಜೀವದ ಗೆಳೆಯ ಬೆಟ್ಟಸ್ವಾಮಿಗೆ, ಸಮುದ್ರದ ಆಚೆಯಿಂದ ಅಜೀಜನ ಸಲಾಮು, ನಮಸ್ಕಾರ ಎರಡೂ.

ನಿನ್ನ ಕಾಗದ ನೆನ್ನೆ ತಲುಪಿತು. ಮೊದಲು ಹೊಗಳಿಬಿಡುತ್ತೇನೆ. ಸ್ಕೂಲಿನಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಬರೆದು ಮೇಷ್ಟ್ರಿಂದ ಕಿವಿ ಹಿಂಡಿಸಿಕೊಳ್ಳುತ್ತಿದ್ದವನ ಅಕ್ಷರ ಇಷ್ಟು ದುಂಡಗಾದದ್ದು ಯಾವಾಗ? ಎಲೆ ಅಡಿಕೆ ಅಂಗಡಿಯಲ್ಲಿ ಕೂತು ಕಾಪಿ ಬರೆಯುತ್ತಿದ್ದೀಯೋ ಹೇಗೆ?

ಹೊಗಳಿಕೆ ಮುಗಿಯಿತು. ನೀನು ಬರೆದ ಸುದ್ದಿ ಓದಿದ ಮೇಲೆ ಊಟ ಸೇರಲಿಲ್ಲ. ಮೊದಲ ಹಡಗಿನ ಕುದುರೆಗಳ ಜೊತೆ ವಾಪಸಾದ ಚಿಕ್ಕಣ್ಣ ಹುಣಸೂರಿನ ಸಂತೆಯಲ್ಲಿ ನಿಂತು, ‘ಜೀನು ಹೊಲಿಯೋ ಅಜೀಜು ಅಲ್ಲಿ ಎಂಡದ ಮನೆ ಸೇರ್ಕಂಡವ್ನೆ ಕಣ್ರಪ್ಪ’ ಎಂದನಂತೆ. ಅದು ಅಹಮದ್ ಪಾಷಾ ಸಾಹೇಬರ ಕಿವಿಗೂ ಬಿತ್ತಂತೆ. ಕುಡುಕನಿಗೆ ಮಗಳನ್ನು ಕೊಡುವುದಿಲ್ಲ, ಮದುವೆ ಮುರಿದಂತೆಯೇ ಎಂದು ಅವರು ಅಂದರಂತೆ. ಅಕ್ತರುನ್ನೀಸಾ ಏನಂದಳು ಎಂಬುದನ್ನು ಮಾತ್ರ ನೀನು ಒಂದಕ್ಷರವೂ ಬರೆದಿಲ್ಲ, ಜಿಪುಣ.

ಈ ಹಾಳೆಯನ್ನು ನಡುವೆ ಮಡಚಿದ್ದೇನೆ. ಇಲ್ಲಿಂದ ಮುಂದೆ ಮಡಿಕೆಯವರೆಗೆ ಇರುವುದನ್ನು ಪಾಷಾ ಸಾಹೇಬರನ್ನೂ ನನ್ನ ಅಮ್ಮಿ ಜಾನ್ ಬೀಯನ್ನೂ ನಿನ್ನ ಜಗಲಿಯ ಮೇಲೆ ಕೂರಿಸಿ ಗಟ್ಟಿಯಾಗಿ ಓದಬೇಕು. ಮಡಿಕೆಯ ಕೆಳಗಿರುವುದು ನಿನಗೊಬ್ಬನಿಗೆ.

ಮದರಾಸಿನ ಕುದುರೆ ವ್ಯಾಪಾರಿ ನನ್ನನ್ನು ಇಲ್ಲಿಗೆ ಕರೆತಂದದ್ದು ಮೈಸೂರು ರಿಸಾಲೆಗೆ ಕೊಂಡ ಕುದುರೆಗಳಿಗೆ ಜೀನು ಹೊಂದಿಸಲು ಎಂದು ಎಲ್ಲರಿಗೂ ಗೊತ್ತು. ಎರಡನೆಯ ಹಡಗು ಹೊರಡುವುದು ಆಗಸ್ಟಿಗೆ. ಅಲ್ಲಿಯತನಕ ಕುದುರೆಗಳೂ ನಾನೂ ವಿಲ್ಮಟ್ ಸಾಹೇಬರ ಜಮೀನಿನಲ್ಲಿದ್ದೇವೆ. ಅವರ ತಾತ ಎಂಬತ್ತು ವರ್ಷದ ಹಿಂದೆ ಇಲ್ಲಿ ದ್ರಾಕ್ಷಿಯ ಕಡ್ಡಿ ನೆಟ್ಟವರು. ಕುದುರೆ ಸಾಕುವವರೂ ಅವರೇ, ದ್ರಾಕ್ಷಿ ಹಿಂಡಿ ವೈನು ಮಾಡುವವರೂ ಅವರೇ. ನಾನು ಮಲಗುವುದು ಲಾಯದಲ್ಲಿ, ವೈನಿನ ಮನೆಯಲ್ಲಲ್ಲ.

ಆದರೂ ಕೆಲಸವಿಲ್ಲದ ದಿನ ಕಣ್ಣು ಮುಚ್ಚಿ ಕೂರಲಾಗುತ್ತದೆಯೇ? ಕಣಿವೆಯನ್ನೆಲ್ಲ ಸುತ್ತಿದ್ದೇನೆ. ನಮ್ಮಲ್ಲಿ ದ್ರಾಕ್ಷಿ ಎಂದರೆ ಚಪ್ಪರ. ಇಲ್ಲಿ ಸೊಂಟದೆತ್ತರದ ಕುಳ್ಳ ಗಿಡಗಳು, ಬೆಟ್ಟದ ಬುಡದವರೆಗೂ ಸಾಲು ಸಾಲು. ದಿಣ್ಣೆಯ ಮೇಲೆ ಅಪ್ಪಟ ನಮ್ಮ ಹುಣಸೂರಿನ ಕೆಮ್ಮಣ್ಣು. ಅಲ್ಲಿ ಕಪ್ಪು ದ್ರಾಕ್ಷಿ. ಕೆಳಗೆ ಹಳ್ಳದ ಪಕ್ಕದ ಮರಳು ಮಣ್ಣಿನಲ್ಲಿ ಬಿಳಿಯದು. ಅದನ್ನು ಹುಳಿಯಿರುವಾಗಲೇ ಕೊಯ್ದುಬಿಡುತ್ತಾರೆ. ಹೊಸ ಬಿಳಿ ವೈನಿನ ಬಾಟಲಿಯನ್ನು ಮೂಗಿಗೆ ಹಿಡಿದರೆ ನಿಂಬೆಯ ಸಿಪ್ಪೆಯ ವಾಸನೆ. ಹದಿನೈದು ವರ್ಷ ಕತ್ತಲಲ್ಲಿ ಮಲಗಿದ್ದನ್ನು ಹಿಡಿದರೆ ಸುಟ್ಟ ರೊಟ್ಟಿಗೆ ಜೇನು ಸವರಿದ ವಾಸನೆ. ಯಾರೂ ಏನನ್ನೂ ಬೆರೆಸಿಲ್ಲ, ಬರೀ ಕಾದಿದ್ದಾರೆ. ಮೂಗಿಗೆ ನಮ್ಮಲ್ಲಿ ನಿಷೇಧವಿಲ್ಲ ಎಂದುಕೊಂಡಿದ್ದೇನೆ.

ಈಗ ಪಾಷಾ ಸಾಹೇಬರು ಕಿವಿಗೊಟ್ಟು ಕೇಳಲಿ. ಕೆಂಪು ವೈನಿನಲ್ಲಿ ಒಗರು ಹೆಚ್ಚಿದ್ದರೆ ಅದು ಹೆಚ್ಚು ವರ್ಷ ಬಾಳುತ್ತದಂತೆ. ಮೂರು ಪೀಪಾಯಿಗಳಲ್ಲಿ ಯಾವುದನ್ನು ಉಳಿಸಲಿ ಎಂದು ವಿಲ್ಮಟ್ ಸಾಹೇಬರು ನನ್ನನ್ನು ತಮಾಷೆಗೆ ಕೇಳಿದರು. ಕುಡಿಯುವುದಿಲ್ಲ, ಆದರೆ ಹೇಳುತ್ತೇನೆ ಎಂದೆ. ಹುಣಸೂರಿನಲ್ಲಿ ಪಾಷಾ ಸಾಹೇಬರ ತೊಗಲು ಹದಮಾಡುವ ಕಾರ್ಖಾನೆಯಲ್ಲಿ ತಂಗಡಿ ಚಕ್ಕೆಯ ಒಗರು ನೀರು ಹದಕ್ಕೆ ಬಂತೇ ಎಂದು ಹೇಗೆ ನೋಡುತ್ತೇವೆ? ಹಸಿ ತೊಗಲಿನ ಚೂರನ್ನು ಅದ್ದಿಟ್ಟು, ಮಾರನೆಯ ದಿನ ಕೊಯ್ದು, ಬಣ್ಣ ಎಷ್ಟು ಒಳಗಿಳಿದಿದೆ ಎಂದು ನೋಡುತ್ತೇವಲ್ಲವೇ? ಹಾಗೆಯೇ ಕುರಿಯ ತೊಗಲಿನ ಮೂರು ಚೂರು ಇಳಿಬಿಟ್ಟೆ. ನಡುವಿನ ಪೀಪಾಯಿಯದು ಎಲ್ಲಕ್ಕಿಂತ ಆಳಕ್ಕೆ ಕೆಂಪಾಗಿತ್ತು. ಅದನ್ನೇ ತೋರಿಸಿದೆ. ಅವರು ತಾವು ರುಚಿ ನೋಡಿ ಬರೆದಿಟ್ಟಿದ್ದ ಸ್ಲೇಟನ್ನು ತಿರುಗಿಸಿದರು. ಅದರಲ್ಲೂ ನಡುವಿನದೇ! ಅಂದಿನಿಂದ ಊರಿನವರೆಲ್ಲ ತಮ್ಮ ಪೀಪಾಯಿಗಳಿಗೆ ನನ್ನನ್ನು ಕರೆಯುತ್ತಾರೆ. ಚಿಕ್ಕಣ್ಣ ಹೇಳಿದ ಹೆಂಡದ ಮನೆಯಲ್ಲಿ ನನಗಿರುವ ಕೆಲಸ ಇಷ್ಟೇ.

(ಮಡಿಕೆ ಇಲ್ಲಿಗೆ. ಇಲ್ಲಿ ಕೆಮ್ಮು, ಎಲೆ ಅಡಿಕೆ ಹಂಚು, ಕಾಗದ ಜೇಬಿಗಿಡು.)

ಬೆಟ್ಟ, ಈಗ ನಿಜ ಹೇಳುತ್ತೇನೆ. ಚಿಕ್ಕಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ನನ್ನ ಸಂಕಟ.

ಫೆಬ್ರವರಿಯಲ್ಲಿ ಕೊಯ್ಲಿನ ಕಾಲ, ಸುಡುಬಿಸಿಲು. ಕೊಟ್ಟಿಗೆಯೊಂದರ ಬಳಿ ಬಂದೆ. ಒಳಗೆ ಗಾಣ ತಿರುಗುತ್ತಿತ್ತು, ರಸ ಹರಿಯುತ್ತಿತ್ತು, ತೊಟ್ಟಿಯಲ್ಲಿ ನೊರೆ ಉಕ್ಕುತ್ತಿತ್ತು, ಸುತ್ತಲೂ ಸಿಹಿ ವಾಸನೆ, ಜೇನುನೊಣ. ಸಾಲಿಗ್ರಾಮದ ಆಲೆಮನೆಯನ್ನೇ ಎತ್ತಿ ಇಟ್ಟ ಹಾಗಿತ್ತು. ನಮ್ಮ ಕಡೆ ಆಲೆಮನೆಗೆ ಹೋದವನು ಕಬ್ಬಿನ ಹಾಲು ಕುಡಿಯದೆ ಬಂದರೆ ಮಾಲೀಕನಿಗೆ ಅವಮಾನ, ಯಾರನ್ನೂ ಕೇಳಬೇಕಾಗಿಲ್ಲ. ಮರ್ಯಾದೆ ತಪ್ಪಬಾರದೆಂದು ಗೋಡೆಗೆ ತೂಗುಹಾಕಿದ್ದ ಚೊಂಬನ್ನು ತೆಗೆದು ಅದ್ದಿ ಕುಡಿದೆ. ನಾಲಿಗೆ ಚುರುಗುಟ್ಟಿತು. ಈ ದೇಶದ ರಸವೇ ಹೀಗೇನೋ ಎಂದು ಇನ್ನೊಂದು ಚೊಂಬು ಕುಡಿದೆ. ಕೆಳಗೆ ಒಲೆಯಿಲ್ಲದೆ ಮೇಲೆ ಕುದಿಯುತ್ತಿದೆಯಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಅದು ಹಿಂಡಿ ಮೂರು ದಿನವಾಗಿದ್ದ ರಸ.

ಆಮೇಲೆ ಕುದುರೆಯ ಮೇಲೆ ಬಾಲದ ಕಡೆ ಮುಖ ಮಾಡಿ ಕೂತು, ಇದರ ತಲೆ ಕದ್ದವರು ಯಾರು ಎಂದು ಎಲ್ಲರನ್ನೂ ವಿಚಾರಿಸಿದೆನಂತೆ. ಚಿಕ್ಕಣ್ಣ ಅಲ್ಲೇ ಇದ್ದ. ಸಂತೆಯಲ್ಲಿ ಅಷ್ಟನ್ನು ಹೇಳದೆ ಬಿಟ್ಟದ್ದು ಅವನ ದೊಡ್ಡತನ. ಬೆಳಿಗ್ಗೆ ವಿಲ್ಮಟ್ ಸಾಹೇಬರು ಬಿಡಿಸಿ ಹೇಳಿದಾಗ ಅತ್ತುಬಿಟ್ಟೆ. ಸ್ನಾನ ಮಾಡಿ ತೌಬಾ ಹೇಳಿದೆ. ತಿಳಿಯದೆ ಆದದ್ದು, ಅಲ್ಲಾ ಕ್ಷಮಿಸಿಯಾನು. ಆದರೆ ಅಕ್ತರುನ್ನೀಸಾ? ಅವಳನ್ನು ನಾನು ನೋಡಿದ್ದು ಒಂದೇ ಸಲ, ನಿನ್ನ ಅಡುಗೆಮನೆಯ ಬಾಗಿಲಲ್ಲಿ, ನಿನ್ನ ಹೆಂಡತಿ ಪ್ರೇಮಮ್ಮನ ಜೊತೆ ಏನಕ್ಕೋ ನಗುತ್ತಿದ್ದಳು. ಆ ನಗುವನ್ನು ಈ ದೇಶದವರೆಗೂ ತಂದಿದ್ದೇನೆ. ಇದನ್ನು ಮುಚ್ಚಿಟ್ಟು ನಿಕಾಹ್ ಮಾಡಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಹೇಳಲು ಧೈರ್ಯವಿಲ್ಲ. ಅವಳಿಗೆ ತಿಳಿಸಬೇಕೋ ಬೇಡವೋ ನೀನೇ ತೀರ್ಮಾನಿಸು. ಬೇಡ ಅಂದಳಾದರೆ ಅದನ್ನೂ ಬರೆ.

ನಿನ್ನ,
ಅಬ್ದುಲ್ ಅಜೀಜ್

* * *

ಹುಣಸೂರು
೨೫ನೇ ಜೂನ್ ೧೯೧೩

ದೂರದೇಶದ ಒಗರು ಪಂಡಿತ ಅಜೀಜನಿಗೆ ಬೆಟ್ಟಸ್ವಾಮಿಯ ಆಶೀರ್ವಾದ. ನಿನಗಿಂತ ಮೂರು ತಿಂಗಳು ದೊಡ್ಡವನು, ಆಶೀರ್ವಾದ ಮಾಡಬಹುದು.

ಶುಕ್ರವಾರ ಜಗಲಿಯ ಮೇಲೆ ಕಾಗದ ಓದಿದ್ದಾಯಿತು. ಪಾಷಾ ಸಾಹೇಬರು ಮೊದಲು ಮುಖ ಗಂಟಿಕ್ಕಿಕೊಂಡೇ ಕೂತಿದ್ದರು. ತೊಗಲಿನ ಚೂರಿನ ಜಾಗ ಬಂದಾಗ ಮುಂದಕ್ಕೆ ಬಾಗಿದರು. ಅದನ್ನೇ ಮತ್ತೆ ಓದಿಸಿದರು. ಆಮೇಲೆ ಎದ್ದು ನಿಂತು, ‘ಕುಡ್ಯೋನಾಗಿದ್ರೆ ತೊಗಲು ಯಾಕೆ ಅದ್ದಬೇಕಿತ್ತು, ನಾಲ್ಗೆ ಸಾಕಿತ್ತಲ್ಲ’ ಎಂದರು. ಅಷ್ಟಕ್ಕೇ ನಿನ್ನ ಅಮ್ಮಿ ಸಕ್ಕರೆ ಹಂಚಿಬಿಟ್ಟರು. ನೀನು ಬಂದಿಳಿದ ಮೊದಲ ಶುಕ್ರವಾರವೇ ನಿಕಾಹ್. ಚಿಕ್ಕಣ್ಣನ ಬಾಯಿಗೆ ದಿನಕ್ಕೆರಡು ವೀಳ್ಯದ ಬೀಗ ಹಾಕುತ್ತಿದ್ದೇನೆ.

ಅಕ್ತರುನ್ನೀಸಾಳ ವಿಷಯ ನೀನೇ ತೀರ್ಮಾನಿಸು ಅಂದೆಯಲ್ಲ, ಆ ಕಷ್ಟ ನನಗೆ ಬರಲಿಲ್ಲ. ಯಾಕೆ ಎಂಬುದು ಕೆಳಗಿದೆ. ಅದು ನನ್ನ ಮಾತಲ್ಲ.

ನಿನ್ನ,
ಬೆಟ್ಟಸ್ವಾಮಿ

ವಿ.ಸೂ.: ಅಸ್ಸಲಾಮು ಅಲೈಕುಂ. ಮೇಲಿನದು ಬೆಟ್ಟಸ್ವಾಮಿ ಅಣ್ಣ ಹೇಳಿದ್ದು, ಬರೆದದ್ದು ನಾನು. ನೀವು ಹೊಗಳಿದ ದುಂಡಕ್ಷರವೂ ನನ್ನದೇ. ಅಂಗಡಿಯ ಸುಣ್ಣ ಕಣ್ಣಿಗೆ ಸಿಡಿದು, ಡಾಕ್ಟರು ಅಣ್ಣನಿಗೆ ಆರು ತಿಂಗಳು ಓದುಬರಹ ಬೇಡ ಅಂದಿದ್ದಾರೆ. ನೀವು ಗಾಬರಿಯಾಗುತ್ತೀರೆಂದು ತಿಳಿಸಲಿಲ್ಲ. ಮಡಿಕೆಯವರೆಗೆ ಬಾಗಿಲ ಹಿಂದೆ ನಿಂತು ಅಬ್ಬಾಗೆ ಕೇಳುವಂತೆ ಓದಿದೆ, ಕೆಮ್ಮಿದ್ದೂ ನಾನೇ. ಕೆಳಗಿನದನ್ನು ಆಮೇಲೆ ಅಡುಗೆಮನೆಯಲ್ಲಿ ಅಣ್ಣನಿಗೊಬ್ಬರಿಗೆ ಓದಿದೆ. ಕುದುರೆಯ ಜಾಗದಲ್ಲಿ ನಗು ತಡೆಯಲಾಗದೆ ನಿಲ್ಲಿಸಿದೆ. ಕೊನೆಯಲ್ಲೂ ನಿಲ್ಲಿಸಬೇಕಾಯಿತು, ಅಲ್ಲಿ ನಗು ಬಂದಿರಲಿಲ್ಲ. ಮುಚ್ಚಿಡಲು ಮನಸ್ಸಾಗಲಿಲ್ಲ ಅಂದಿರಲ್ಲ, ನನಗೆ ಅಷ್ಟು ಸಾಕು. ಬರುವಾಗ ಒಣದ್ರಾಕ್ಷಿ ತನ್ನಿ, ರಸ ಬೇಡ. ಮೈಸೂರಿನಿಂದ ಕುದುರೆಯ ಮೇಲೆ ಬರುವುದಾದರೆ, ನಮ್ಮ ಮನೆಯ ಕಡೆಗೆ ಮುಖ ಮಾಡಿ ಕೂತು ಬನ್ನಿ.

ಅಕ್ತರುನ್ನೀಸಾ