ನಿಶಾ ತಂದ ಡಬ್ಬ

ಪ್ರಭಕ್ಕಾ,

ನೀವು ಡೊಂಬಿವಲಿಯ ನಮ್ಮ ಪಕ್ಕದ ಮನೆ ಬಿಟ್ಟು ಎಲ್ಲಿಗೆ ಹೋದಿರೆಂದು ನಾನು ಯಾರನ್ನೂ ಕೇಳಿಲ್ಲ. ಕೇಳುವ ಮುಖವೂ ನನಗಿಲ್ಲ. ಆದರೂ ಇವತ್ತು ನಡೆದದ್ದನ್ನು ನಿಮಗೇ ಹೇಳಬೇಕು.

ನಿಮ್ಮ ಮಗಳಾದ ನಿಶಾಳ ಮೇಲೆ ಮಾಡಿದ ಅತ್ಯಾಚಾರಕ್ಕೆ ಆದ ಶಿಕ್ಷೆಯ ವಿರುದ್ಧ ನನ್ನ ಮಗ ಹೃಷೀಕೇಶ ಹೈಕೋರ್ಟಿಗೆ ಅಪೀಲು ಹಾಕಿದ್ದಾನೆ. ಠಾಣೆ ನಗರದಲ್ಲಿರುವ ಅವನ ವಕೀಲರು ಅದಕ್ಕೆ ನನ್ನ ಅಫಿಡವಿಟ್ ಬೇಕೆಂದು ಕರೆಸಿದ್ದರು.

"ಹುಡುಗಿ ದಿನಾ ನಿಮ್ಮನೆಗೆ ಬರ್ತಿದ್ಲು ಅಂತ ಬರೆದಿದ್ದೇನೆ ಅಮ್ಮ. ಸುಳ್ಳಲ್ವಲ್ಲ? ಸಲುಗೆ ಇತ್ತು ಅಂತ ವಾದ ಮಾಡ್ಬಹುದು. ಹುಡುಗನಿಗೂ ಬರೀ ಇಪ್ಪತ್ತು."

"ಬರ್ತಿದ್ದದ್ದು ಹೌದು. ಡಬ್ಬ ಕೊಡ್ಲಿಕ್ಕೆ ಬರ್ತಿದ್ಲು, ನನ್ನ ಹತ್ರ," ಎಂದೆ. "ಸಣ್ಣ ಪ್ರಾಯ ಅಂತ ಶಿಕ್ಷೆ ಕಮ್ಮಿ ಮಾಡ್ಲಿಕ್ಕೆ ಕೇಳಿ, ಅದು ಅವನ ಹಕ್ಕು. ಅವಳ ಮೇಲೆ ಒಂದು ಮಾತು ಬಂದ್ರೂ ನಾನು ಸೈನ್ ಹಾಕುದಿಲ್ಲ."

"ನೀವು ಅವನ ತಾಯಿ ಅಲ್ವಾ?" ಎಂದರು. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ನಾಳೆ ಜೈಲಿಗೆ ಹೋಗಿ ಹೃಷಿಗೂ ನಾನೇ ಹೇಳುತ್ತೇನೆ.

ಅವತ್ತು ನಿಶಾ ಪತ್ರೊಡೆ ತಂದಾಗ ನಾನು ತರಕಾರಿಗೆ ಹೋಗಿದ್ದೆ. ಆ ಡಬ್ಬ ತೊಳೆದು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಖಾಲಿ ಡಬ್ಬ ಹಿಂದೆ ಕೊಡುವ ಕ್ರಮ ನಮ್ಮಲ್ಲಿಲ್ಲ. ಏನು ತುಂಬಿಸಿ ಕೊಡಲಿ, ಪ್ರಭಕ್ಕಾ?