ಕೊನೆಯ ಅಂಕಿ

ಫೆಬ್ರವರಿ 3
ಇವತ್ತು ಇಪ್ಪತ್ತೆರಡು ಗಿರಾಕಿಗಳ ವಿವರ ಮುಗಿಯಿತು. ಮೇಷ್ಟ್ರು ತಮ್ಮ ನೋಟ್‌ಬುಕ್ ನೋಡಿ ಹೇಳುತ್ತಾರೆ, ನಾನು ಸಾಫ್ಟ್‌ವೇರ್‌ಗೆ ಹಾಕುತ್ತೇನೆ. ನೋಟ್‌ಬುಕ್ ಮಾತ್ರ ಯಾರ ಕೈಗೂ ಕೊಡುವುದಿಲ್ಲ. ಸಾಫ್ಟ್‌ವೇರಿನಲ್ಲಿ ಪ್ರತಿ ಗಿರಾಕಿಗೂ ಒಂದು ಪುಟ — ಹೆಸರು, ಫೋನ್, ಯಾವ ಕಿವಿ, ಯಾವ ಮೆಶೀನ್, ಮತ್ತೆ ಯಾವಾಗ ಫೋನ್ ಮಾಡಬೇಕು. ಕೊನೆಗೆ ಟಿಪ್ಪಣಿ. ಅದೊಂದೇ ನನಗಿಷ್ಟ. ‘ಹೆಂಡತಿ ಬೈಯುವಾಗ ಮೆಶೀನ್ ತೆಗೆದಿಡುತ್ತಾರೆ.’ ಇಂಥವು.

ಮೇಷ್ಟ್ರು ಅಂದರೆ ಮೇಷ್ಟ್ರಲ್ಲ. ಇಪ್ಪತ್ತೈದು ವರ್ಷ ಕಿವಿ ಕೇಳದವರಿಗೆ ಮೆಶೀನ್ ಮಾರಿ ದನಿ ಹಾಗಾಗಿದೆ. ಟೀ ಕುಡಿದ್ಯಾ ಅಂದರೂ ಮಗ್ಗಿ ಒಪ್ಪಿಸು ಎಂದ ಹಾಗೆ. ಅವರ ಬಾಯಲ್ಲಿ ನನ್ನ ಹೆಸರು ‘ಲಿಟರೇಚರ್’.

“ಏನ್ ಲಿಟರೇಚರ್, ಎಲ್ಲಾ ಬರ್ಕೊಂಡ್ಮೇಲೆ ನನ್ನ ಯಾವ ಕಾಲಮ್ಮಿಗೆ ಹಾಕ್ತೀಯ?”
ನಕ್ಕೆ. ಅವರು ನಗಲಿಲ್ಲ.

ಫೆಬ್ರವರಿ 6
ಮ್ಯಾನೇಜರ್ ಸರ್ ಬೆನ್ನ ಹಿಂದೆ ಬಂದು ನಿಂತರು. “ಇಷ್ಟು ದಿನ ಒಂದು ಚೀಟಿ ಡ್ರಾಯರಲ್ಲಿ, ಒಂದು ಇವರ ಜೇಬಲ್ಲಿ, ಮಿಕ್ಕಿದ್ದು ಇವರ ತಲೇಲಿ. ಈಗ ಎಲ್ಲಾ ಒಂದೇ ಕಡೆ. ಯಾರು ಬೇಕಾದ್ರೂ ನೋಡ್ಬಹುದು.”
ಮಾತು ಸರಿಯೇ. ಆದರೆ ‘ಯಾರು ಬೇಕಾದ್ರೂ’ ಅನ್ನುವಾಗ ಕಣ್ಣು ಮೂಲೆಯ ಹೊಸ ಕುರ್ಚಿಯ ಕಡೆ. ಅಲ್ಲಿ ಈ ವಾರದಿಂದ ಅವರ ಭಾವಮೈದ.
“ತಿಂಗಳ ಕೊನೆಗೆ ನಿನ್ನ ಮೂರು ತಿಂಗಳು ಮುಗಿಯುತ್ತಲ್ಲಮ್ಮಾ? ಪಟ್ಟಿ ಚೊಕ್ಕಟವಾಗಿದ್ರೆ ಖಾಯಂ.”
ಅಮ್ಮ ಕೇಳಿ ಹಿಗ್ಗಿದಳು. “ಬಾಯಿ ಬಿಡದೇ ಮಾಡೋ ಕೆಲಸ ನಿನಗೆ ಇನ್ನೆಲ್ಲಿ ಸಿಗುತ್ತೆ? ಗಟ್ಟಿಯಾಗಿ ಹಿಡ್ಕೋ.”

ಫೆಬ್ರವರಿ 14
ಎಂಟು ದಿನ ಬರೆಯಲಿಲ್ಲ. ಪಟ್ಟಿ ಮುಗಿಯಿತು. ಮುನ್ನೂರ ಹನ್ನೆರಡು.

ಪ್ರತಿ ಪುಟದಲ್ಲೂ ‘ಹೊಣೆ’ ಅಂತ ಒಂದು ಜಾಗ. ಆ ಗಿರಾಕಿಯನ್ನು ನೋಡಿಕೊಳ್ಳುವವರ ಹೆಸರು ಅಲ್ಲಿ. ಎಲ್ಲದಕ್ಕೂ ಮೇಷ್ಟ್ರ ಹೆಸರು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಮೊದಲ ಐವತ್ತರಲ್ಲಿ ಭಾವಮೈದನ ಹೆಸರು! ಯಾರು, ಯಾವಾಗ ಬದಲಿಸಿದರು ಎಂದು ಸಾಫ್ಟ್‌ವೇರೇ ಬರೆದಿಡುತ್ತದೆ. ಮ್ಯಾನೇಜರ್. ನಿನ್ನೆ ಸಂಜೆ 6.40. ಮೇಷ್ಟ್ರು ಮನೆಗೆ ಹೊರಟ ಹತ್ತೇ ನಿಮಿಷಕ್ಕೆ.

ಮೇಷ್ಟ್ರಿಗೆ ಹೇಳಬೇಕೆಂದು ಎರಡು ಸಲ ಎದ್ದೆ. ಎರಡು ಸಲವೂ ನೀರು ಕುಡಿದು ಬಂದು ಕೂತೆ.

ಫೆಬ್ರವರಿ 17
ಫೋನ್ ಮಾಡಿ ಎಲ್ಲ ನಂಬರೂ ಖಾತ್ರಿ ಮಾಡಬೇಕಂತೆ. ಗೊತ್ತಿಲ್ಲದವರಿಗೆ ಫೋನ್... ಹೇಳುವುದನ್ನು ಚೀಟಿಯಲ್ಲಿ ಬರೆದುಕೊಂಡೆ. ಮೊದಲನೆಯದು — ಟೈರ್ ಅಂಗಡಿ. ಎರಡನೆಯದು — ಯಾವುದೋ ಮಗು. ಮೂರನೆಯವರು, “ನನ್ನ ಕಿವಿ ನೆಟ್ಟಗಿದೆ, ನಿಮ್ಮದು ತೋರಿಸ್ಕೊಳ್ಳಿ!”
ಇಪ್ಪತ್ತರಲ್ಲಿ ಹದಿನಾರು ರಾಂಗ್ ನಂಬರ್. ಇಷ್ಟು ತಪ್ಪು ಹೊಡೆದೆನೇ?

ಫೆಬ್ರವರಿ 18
ಮೇಷ್ಟ್ರು ಗಿರಾಕಿಯೊಬ್ಬರನ್ನು ಕೆಳಗೆ ಬಿಡಲು ಹೋದಾಗ ಅವರು ಮೇಜಿನ ಮೇಲೆ ಮರೆತಿದ್ದ ನೋಟ್‌ಬುಕ್ ತೆರೆದೆ. ನಾಚಿಕೆಯಾಯಿತು. ಆದರೂ ತೆರೆದೆ.

ತಪ್ಪು ನನ್ನದಲ್ಲ. ಕೊನೆಯ ಅಂಕಿಗೆ ಎರಡು ಕೂಡಿಸಿ ಹೇಳಿದ್ದಾರೆ. ಸರಿಯಿದ್ದದ್ದು ನಾಲ್ಕೇ. ಆ ನಾಲ್ವರ ಟಿಪ್ಪಣಿಯಲ್ಲೂ ನಾನೇ ಬರೆದ ಒಂದೇ ಮಾತು — ‘ಮನೆಯಲ್ಲಿ ಒಬ್ಬರೇ.’

ತಲೆ ಎತ್ತಿದರೆ ಬಾಗಿಲಲ್ಲಿ ಮೇಷ್ಟ್ರು.
“ಮೆಶೀನ್ ಕೆಟ್ರೆ ಅವರಿಗೆ ಬಾಗಿಲು ಬಡಿದಿದ್ದೂ ಕೇಳಲ್ಲ. ಅಂಥವರ ಹತ್ರ ಆಟ ಆಡಕ್ಕಾಗುತ್ತಾ?”
“ಮಿಕ್ಕವರು?”
“ಮಿಕ್ಕವರು ನನ್ನ ನೋಟ್‌ಬುಕ್ಕಲ್ಲಿ ಮಾತ್ರ ಇರೋವರೆಗೂ ನಾನು ಇಲ್ಲಿರ್ತೀನಿ. ಭಾವಮೈದನ್ನ ಯಾಕೆ ತಂದು ಕೂರಿಸಿದಾರೆ ಅಂತ ಗೊತ್ತಾಗದಷ್ಟು ಪೆದ್ದನಾ ನಾನು?”
“ನನಗಾದ್ರೂ ಹೇಳ್ಬಹುದಿತ್ತು ಮೇಷ್ಟ್ರೇ.”
“ಕೀಬೋರ್ಡ್ ಇದ್ದಿದ್ದೇ ನಿನ್ನ ಕೈಲಲ್ವಾ ತಾಯಿ.”

ದಿನವೂ ಒಟ್ಟಿಗೆ ಟೀ ಕುಡಿದೆವು. ಅಷ್ಟು ದಿನವೂ ನನ್ನನ್ನೇ ಅನುಮಾನಿಸುತ್ತಿದ್ದರು.

ಫೆಬ್ರವರಿ 24
ಕ್ಯಾಬಿನ್‌ಗೆ ಕರೆ. ಭಾವಮೈದ ಹತ್ತು ಫೋನ್ ಮಾಡಿ ಹತ್ತು ಕಡೆಯೂ ಬೈಸಿಕೊಂಡನಂತೆ.
“ಅವರು ತಪ್ಪು ಹೇಳಿದ್ರಾ, ನೀನು ತಪ್ಪು ಹೊಡೆದ್ಯಾ?” ಸರ್ ಮೇಷ್ಟ್ರ ಕಡೆ ಕಣ್ಣು ತೋರಿಸಿ ದನಿ ತಗ್ಗಿಸಿದರು. “ಅವರೇ ಅಂತ ಒಂದು ಮಾತು ಹೇಳು. ನೋಟ್‌ಬುಕ್ ಇಸ್ಕೊಂಡು ಇವತ್ತೇ ಮನೆಗೆ ಕಳಿಸ್ತೀನಿ. ನೀನು ಖಾಯಂ.”
ಗಾಜಿನಾಚೆ ಮೇಷ್ಟ್ರು ಯಾರೋ ಅಜ್ಜಿಯ ಕಿವಿಗೆ ಮೆಶೀನ್ ಕೂರಿಸುತ್ತಿದ್ದರು. ನಮ್ಮ ಕಡೆ ನೋಡಲಿಲ್ಲ. ನೋಡದೇ ನೋಡುತ್ತಿದ್ದರು.
“ನಾನೇ ತಪ್ಪು ಹೊಡೆದೆ ಸರ್.”
“ಮುನ್ನೂರೂ?”
“...ಹೌದು ಸರ್.”
“ಎಂ.ಎ. ಮಾಡಿದೀಯಲ್ಲಮ್ಮಾ, ಅಂಕಿ ಬರಲ್ವಾ?”
“ಸಾಹಿತ್ಯ ಸರ್.”
ಇಪ್ಪತ್ತೆಂಟು ನನ್ನ ಕೊನೆಯ ದಿನ. ಬೇರೆ ಯಾರನ್ನೋ ಕೂರಿಸಿ ಮೊದಲಿನಿಂದ ಬರೆಸುತ್ತಾರಂತೆ. ಹೇಳಲು ಮೇಷ್ಟ್ರು ಬೇಕೇ ಬೇಕು. ಹಾಗಾಗಿ ಅವರು ಇರುತ್ತಾರೆ.

ಫೆಬ್ರವರಿ 28, ಸಂಜೆ
ಅಮ್ಮನಿಗೆ ಇನ್ನೂ ಹೇಳಿಲ್ಲ.

ಹೊರಡುವಾಗ ಮೇಷ್ಟ್ರು ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಏನಾದರೂ ಒಳ್ಳೆಯ ಮಾತು ಹೇಳುತ್ತಾರೇನೋ ಅಂದುಕೊಂಡೆ. ಮೇಲೆ ಕೆಳಗೆ ನೋಡಿದರು.
“ಎಷ್ಟು ಕೂಡಿಸಿದ್ದೆ ಅಂತ ಯಾರಿಗೂ ಹೇಳಿಲ್ಲ ತಾನೇ?”
“ಇಲ್ಲ ಮೇಷ್ಟ್ರೇ.”
“ಎಲ್ಲೂ ಬರೆದಿಟ್ಟಿಲ್ಲ?”
ಇಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಅವರಿಗಾಗಿ ನಾನು ಕೆಲಸ ಕಳೆದುಕೊಂಡರೂ ನಂಬದವರು! ಬಸ್ಸಿನುದ್ದಕ್ಕೂ ಸಿಟ್ಟು.

ಮನೆಗೆ ಬಂದು ಈ ಡೈರಿ ತೆರೆದ ಮೇಲೆ ಹೊಳೆಯಿತು. ಬರೆದಿದ್ದೇನೆ. ಇಲ್ಲೇ, ಹದಿನೆಂಟನೇ ತಾರೀಖು. ಮೊನ್ನೆ ಪುಸ್ತಕವನ್ನು ಆಫೀಸಿಗೂ ಒಯ್ದಿದ್ದೆ, ಊಟಕ್ಕೆ ಹೋದಾಗ ಮೇಜಿನ ಮೇಲೇ ಬಿಟ್ಟು... ಯಾರಾದರೂ ಓದಿದ್ದರೆ?