ಅಜ್ಜಿಯ ಸೋಯಾ ಬಿಲ್ಲೆಗಳು

ಲಂಪಾಂಗ್, ಮಂಗಳವಾರ

ಪ್ರೀತಿಯ ಅಕ್ಕ,

ನನ್ನ ಜ್ವರ ಬಿಟ್ಟಿದೆ, ಅಮ್ಮನಿಗೆ ಹೇಳು. ಆದರೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ನಾನು ಬಾಡಿಗೆಗಿರುವ ಮನೆಯ ಕಾಂಪಾ ಅಜ್ಜಿ ಹಂದಿಮಾಂಸ, ಹುಳಿ ಟೊಮೆಟೊ, ಒಣಮೆಣಸಿನಕಾಯಿ ಕುಟ್ಟಿ ಬಾಡಿಸಿ ಗೊಜ್ಜು ಮಾಡುತ್ತಾರೆ. ಅದಕ್ಕೆ ಹುದುಗಿಸಿ ಹಪ್ಪಳದಂತೆ ಒಣಗಿಸಿದ ಸೋಯಾ ಬಿಲ್ಲೆಯನ್ನು ಸುಟ್ಟು ಹಾಕಬೇಕಂತೆ. ಈ ಉತ್ತರದ ಊರಿನವರ ತಿನಿಸು, ನಮ್ಮ ಕಡಲ ಕಡೆ ಇದೆಲ್ಲಿದೆ? ಶನಿವಾರ ಅಡುಗೆಮನೆ ಗುಡಿಸುವಾಗ ಬುಟ್ಟಿಯಲ್ಲಿದ್ದ ಬಿಲ್ಲೆಗಳಿಂದ ನಾತ ಬಂತೆಂದು, ಕೊಳೆತಿವೆ ಎಂದುಕೊಂಡು ಅಷ್ಟನ್ನೂ ಕಸಕ್ಕೆ ಎಸೆದೆ.

ಭಾನುವಾರ, ಬೇರೆ ಮನೆ ಮಾಡಿಕೊಂಡಿರುವ ಅವರ ಮಗ ಊಟಕ್ಕೆ ಬಂದ; ‘ಇಂತಾ’ ಅಂತ ಅವನ ಹೆಸರು. ಅಜ್ಜಿ ಬುಟ್ಟಿಯೆಲ್ಲ ತಡಕಾಡಿ, ಕೊನೆಗೆ ಬಿಲ್ಲೆಯಿಲ್ಲದ ಗೊಜ್ಜನ್ನೇ ಬಡಿಸಿದರು.

“ಇದೇನಮ್ಮ, ಇಷ್ಟು ಸಪ್ಪೆ?”

“ಬಿಲ್ಲೆ ಮುಗಿದುಹೋಗಿದೆ ಕಣೋ.”

“ಮೊನ್ನೆ ತಾನೇ ತಂದ್ಕೊಟ್ಟೆನಲ್ಲ! ನಿಂಗೆ ಮರೆವು ಜಾಸ್ತಿಯಾಯ್ತು, ನಾಳೆ ಉರಿ ಆರಿಸೋದನ್ನೂ ಮರೀತೀಯ. ಇನ್ಮೇಲೆ ಒಲೆ ಹಚ್ಬೇಡ, ನಮ್ಮನೆಯಿಂದ್ಲೇ ಊಟ ಕಳಿಸ್ತೀನಿ.”

ಅಂದವನೇ ಗ್ಯಾಸ್ ಸಿಲಿಂಡರನ್ನೂ ಹೊತ್ತುಕೊಂಡು ಹೋದ. ನಾನು ತುತ್ತು ಅಗಿಯುತ್ತಲೇ ಇದ್ದೆ, ಅಕ್ಕ.

ಇವತ್ತು ಬೆಳಿಗ್ಗೆ ಅಜ್ಜಿ ಬಿ.ಪಿ. ಮಾತ್ರೆ ಕೈಯಲ್ಲಿ ಹಿಡಿದು, ತಮ್ಮ ನೆನಪನ್ನು ತಾವೇ ನಂಬದವರಂತೆ, “ಇವತ್ತಿನದನ್ನ ಆಗ್ಲೇ ನುಂಗಿದ್ನೇನೇ?” ಎಂದು ನನ್ನನ್ನು ಕೇಳಿದರು. ತಡೆಯಲಾಗದೆ ಕಾಲಿಗೆ ಬಿದ್ದು, ಬಿಲ್ಲೆ ಎಸೆದದ್ದು ನಾನೇ ಎಂದು ಹೇಳಿಬಿಟ್ಟೆ.

“ನನ್ಹತ್ರ ಹೇಳಿದ್ರೆ ಏನ್ ಬಂತು? ಹೋಗಿ ನನ್ ಮಗನ್ಹತ್ರ ಹೇಳು,” ಎಂದರು.

ಮಧ್ಯಾಹ್ನ ಅವನ ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಹೇಳಿದೆ. ಅವನು ಬೈಯಲಿಲ್ಲ. ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ, ಅಂಗಡಿಯಲ್ಲೇ ಇಟ್ಟಿದ್ದ ಸಿಲಿಂಡರನ್ನು ಬೈಕಿಗೆ ಕಟ್ಟಿಕೊಂಡು ತನ್ನ ಅಮ್ಮನ ಮನೆಗೆ ಹೊರಟ. ಅವರಿಬ್ಬರ ಮುಂದೆ ನಿಲ್ಲಲು ನಾಚಿ ನಾನಿನ್ನೂ ಮನೆಗೆ ಹೋಗಿಲ್ಲ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ತಂಗಿ
ವಿಪಾ